ಹನ್ನೊಂದು ಮನೆಯ ಮುಯ್ಯಿಯೂ ಶಾಂತಪ್ಪನ ಕಥೆಯೂ

ಪುನರ್ವಸು ಮಳೆ ಹೋಗಿ ಪುಷ್ಯ ಹಿಡಿದ ಮೂರನೆಯ ದಿನ ಮೂರುಕಲ್ಲಿನಲ್ಲಿ ಚನ್ನಬಸಮ್ಮನ ಗದ್ದೆಯ ನಾಟಿ. ಬೆಳಗಿನ ಏಳು ಗಂಟೆಗೇ ಹೆಂಗಸರು ಮಳೆಗೆ ಬೆನ್ನ ಮೇಲೆ ಬಿದಿರಿನ ಗೊರಬು ಹೊದ್ದು ಸಾಲು ಹಿಡಿದು ಬಗ್ಗಿದ್ದರು. ಗಂಡಸರು ಕಂಬಳಿ ಕೊಪ್ಪೆ ಹಾಕಿಕೊಂಡು ಸಸಿಮಡಿಯಲ್ಲಿ ಕೂತು, ಸಸಿ ಕಿತ್ತು, ಬೇರಿನ ಮಣ್ಣು ತೊಳೆದು, ಕಟ್ಟು ಕಟ್ಟಿ ಹೆಂಗಸರ ಹಿಂದಕ್ಕೆ ಎಸೆಯುತ್ತಿದ್ದರು. ಕಟ್ಟು ಬಿದ್ದಾಗ ಕೆಸರು ಹಾರಿ ಯಾರ ಮುಖಕ್ಕಾದರೂ ಬಡಿದರೆ ಎಸೆದವನ ವಂಶದ ವಿಚಾರ ಸ್ವಲ್ಪ ಹೊತ್ತು ನಡೆಯುತ್ತಿತ್ತು. ಹೆಚ್ಚಾಗಿ ಅದು ಶಾಂತಪ್ಪನ ವಂಶವೇ ಆಗಿರುತ್ತಿತ್ತು.

ಮಾದಾಪುರಕ್ಕೆ ಎರಡು ಮೈಲಿ ದೂರದ ಆ ಊರಿನಲ್ಲಿ ಇದ್ದದ್ದು ಹನ್ನೊಂದು ಮನೆ. ಕೂಲಿ ಕೊಟ್ಟು ನಾಟಿ ಮಾಡಿಸುವ ಮನೆ ಒಂದೂ ಇಲ್ಲ. ಕೂಲಿಗೆ ಬರುವವರೆಲ್ಲ ಕಾಫಿ ಎಸ್ಟೇಟಿನ ಲೈನುಮನೆಗಳಲ್ಲಿದ್ದರು. ಇಂದು ನಾನು ನಿನ್ನ ಗದ್ದೆಗೆ, ನಾಳೆ ನೀನು ನನ್ನ ಗದ್ದೆಗೆ, ಅದೇ ಮುಯ್ಯಿ. ಶಾಂತಪ್ಪನ ಗದ್ದೆ ಹೊಳೆಯ ಕಡೆಯ ತಗ್ಗಿನಲ್ಲಿತ್ತು. ಅಲ್ಲಿ ನೀರು ಇಳಿಯುವುದು ತಡ, ಆದ್ದರಿಂದ ಅವನ ಸರದಿ ಯಾವಾಗಲೂ ಕಡೆಯದು. ಅವನೂ ಹೆಂಡತಿ ಮಹಾದೇವಮ್ಮನೂ ಒಂಬತ್ತು ಮನೆಗೆ ಹೋಗಿ ಬಗ್ಗಿ ಬಂದಾಗಿತ್ತು, ಇದು ಹತ್ತನೆಯದು. ಇನ್ನು ಹತ್ತು ಮನೆಯವರೂ ಅವನ ಒಂದೂವರೆ ಎಕರೆಗೆ ಬಂದು ಇಳಿಯಬೇಕು. ಅವನ ಸಸಿಗೆ ಆಗಲೇ ಮೂವತ್ತು ದಿನ. ನಲವತ್ತೈದು ದಾಟಿದರೆ ಗಿಣ್ಣು ಬರುತ್ತದೆ. ಗಿಣ್ಣು ಬಂದ ಸಸಿಯನ್ನು ಹಸುವಿಗೆ ಹಾಕಬೇಕೇ ಹೊರತು ಗದ್ದೆಗಲ್ಲ.

ಆದರೆ ಆ ದಿನ ಶಾಂತಪ್ಪನ ಗಮನ ಸಸಿಯ ಮೇಲಿರಲಿಲ್ಲ, ರಸ್ತೆಯ ಮೇಲಿತ್ತು. ಮಡಿಕೇರಿಯ ಬಸ್ಸು ತರುವ ವಾರಪತ್ರಿಕೆಯಲ್ಲಿ ಅವನ ಕಥೆ ಬರುವುದಿತ್ತು.

ಕೊಡಗು ಬೇರೆಯೇ ಒಂದು ರಾಜ್ಯವಾಗಿ, ಮಡಿಕೇರಿಯಲ್ಲಿ ಮಂತ್ರಿಗಳು ಕೂತು, ಎಂಟನೇ ಕ್ಲಾಸು ಓದಿದವರಿಗೆಲ್ಲ ನಾಡಿಗೆ ಏನಾದರೂ ಕೊಡಬೇಕು ಅನ್ನಿಸಿದ್ದ ಕಾಲ ಅದು. ಶಾಂತಪ್ಪನಿಗೆ ಕಥೆ ಕೊಡಬೇಕು ಅನ್ನಿಸಿತ್ತು. ಕಥೆ ಬರೆಯುವುದಕ್ಕೆ ಅವನಲ್ಲಿ ಒಂದು ಕ್ರಮವೂ ಇತ್ತು. ಬದುಕಿರುವವರನ್ನು ನೋಡಿ ಬರೆಯುವುದು ಮರ್ಯಾದಸ್ಥರ ಕೆಲಸವಲ್ಲ ಎಂದು ಅವನು ದೃಢವಾಗಿ ನಂಬಿದ್ದ. ಸೋಮವಾರಪೇಟೆಯಲ್ಲಿ ಕಂಡ ನಾಲ್ಕು ಕಂಪನಿ ನಾಟಕ, ಓದಿದ ಹತ್ತಿಪ್ಪತ್ತು ಕಥೆ, ಇವುಗಳಿಂದ ಆರಿಸಿ ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದ: ಅತ್ತೆ ಅಂದರೆ ಗಯ್ಯಾಳಿ. ಅಂಗಡಿಯವನು ಅಂದರೆ ಜಿಪುಣ, ತೂಕದಲ್ಲಿ ಮೋಸ. ಪಟೇಲ ಅಂದರೆ ಹೊಟ್ಟೆ, ಮೀಸೆ, ನ್ಯಾಯ ಹೇಳುವಾಗ ನಿದ್ದೆ. ಆಳು ಅಂದರೆ ಪೆದ್ದ, ಒದ್ದರೆ ನಗುತ್ತಾನೆ. ಸೊಸೆ ಅಂದರೆ ಕಣ್ಣೀರು. ಮೂವತ್ತೆಂಟು ವರ್ಷ ಮೂರುಕಲ್ಲಿನಲ್ಲೇ ಬದುಕಿದ್ದರೂ ಆ ಊರಿನ ಒಂದು ಕೂದಲೂ ಕಥೆಯೊಳಗೆ ಬೀಳದ ಹಾಗೆ ಅವನು ಎಚ್ಚರ ವಹಿಸಿದ್ದ. ಕಥೆಯ ಹೆಸರು ‘ಕಣ್ಣೀರಿಟ್ಟ ಸೊಸೆ’.

ಮಧ್ಯಾಹ್ನದ ಊಟಕ್ಕೆ ಎಲ್ಲರೂ ಕಾಲು ತೊಳೆದು ಚನ್ನಬಸಮ್ಮನ ಮನೆಯ ಜಗಲಿಯಲ್ಲಿ ಸಾಲಾಗಿ ಕೂತಿದ್ದರು. ಅಕ್ಕಿ ರೊಟ್ಟಿ, ಕಳಲೆ ಸಾರು. ಆಗ ಅಂಗಡಿ ನಂಜಪ್ಪ ಕೊಡೆ ಹಿಡಿದು, ಪತ್ರಿಕೆಯನ್ನು ಅಂಗಿಯೊಳಗೆ ಬೆಚ್ಚಗೆ ಇಟ್ಟುಕೊಂಡು ಬಂದ. ಊರಿಗೆ ಇದ್ದ ಒಂದೇ ಅಂಗಡಿ ಅವನದು. ನಾಟಿಗೆ ಮಗನನ್ನು ಕಳಿಸಿ ತಾನು ಅಂಗಡಿಯಲ್ಲಿ ಕೂರುವವನು ಕದ ಹಾಕಿ ಬಂದಿದ್ದ ಎಂದರೆ ವಿಷಯ ದೊಡ್ಡದು.

“ನಮ್ಮ ಶಾಂತಪ್ಪನ ಹೆಸರು ಅಚ್ಚಾಗ್ಯದೆ” ಎಂದ ನಂಜಪ್ಪ. “ಓದ್ತೀನಿ, ಎಲ್ಲ ಬಾಯಿ ಮುಚ್ಕೊಂಡು ಉಣ್ಣಿ.”

“ಬಾಯಿ ಮುಚ್ಕೊಂಡು ಹೆಂಗೆ ಉಣ್ಣದು ನಂಜಪ್ಪಣ್ಣ?” ಎಂದಳು ಒಬ್ಬಳು.

ನಂಜಪ್ಪ ಕನ್ನಡಕ ಏರಿಸಿಕೊಂಡು ಓದಿದ. ಓದುವುದರಲ್ಲಿ ಅವನದೊಂದು ಶಿಸ್ತು. ಹಿಡಿದ ವಾಕ್ಯವನ್ನು ಮುಗಿಸದೆ ಬಿಡುತ್ತಿರಲಿಲ್ಲ. “‘ಆ ಗ್ರಾಮದಲ್ಲಿ ಒಬ್ಬ ಅಂಗಡಿಯವನಿದ್ದನು. ಅವನು ಮಹಾ ಜಿಪುಣನು’” ಎಂದು ಓದಿ, ಚೂರು ನಿಂತು, ಮುಂದುವರಿಸಿದ. “‘ಅವನು ತಕ್ಕಡಿಯ ತಟ್ಟೆಯ ಅಡಿಗೆ ಹುಣಸೆಹಣ್ಣು ಮೆತ್ತಿ, ಬಡವರಿಗೆ ಬೆಲ್ಲ ತೂಗುವಾಗ, ದೇವರ ಹೆಸರನ್ನು ಹೇಳುತ್ತ, ಕಿರುಬೆರಳಿನಿಂದ ದಂಡವನ್ನು ಒತ್ತುತ್ತಿದ್ದನು.’” ಅಷ್ಟು ಹೊತ್ತಿಗೆ ಅವನ ದನಿ ಗಂಟಲೊಳಗೆ ಇಳಿದಿತ್ತು. ಆದರೂ ವಾಕ್ಯ ಮುಗಿಸಿದ. ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಶಾಂತಪ್ಪನ ಎಲೆಯ ಪಕ್ಕ ಇಟ್ಟು, ಕೊಡೆ ಬಿಚ್ಚಿ, ಮಳೆಗೆ ಇಳಿದು ಹೋದ.

“ಮುಂದೆ ಓದಿ ಯಾರಾದ್ರೂ” ಎಂದಳು ಚನ್ನಬಸಮ್ಮ. ಅಂಗಡಿಯವನ ವಿಷಯಕ್ಕೆ ಅವಳಿಗೆ ನಗು ಬಂದಿತ್ತು. ನಾಟಿ ಹೆಂಗಸರ ಸಾಲಿಗೆ ಇಪ್ಪತ್ತು ವರ್ಷದಿಂದ ಅವಳೇ ಮುಂದಾಳು. ಅವಳು ಬಗ್ಗಿದರೆ ಸಾಲು ಬಗ್ಗುತ್ತಿತ್ತು, ಎದ್ದರೆ ಏಳುತ್ತಿತ್ತು. ನಂಜಪ್ಪನ ಮಗ ಎತ್ತಿಕೊಂಡು ಓದಿದ. ಕಥೆಯ ಅತ್ತೆ ಸೊಸೆಯ ಬೆನ್ನಿಗೆ ಸೌಟು ಕಾಯಿಸಿ ಇಟ್ಟಳು, ಹಳಸಿದ್ದು ಬಡಿಸಿದಳು, ನೀರು ಸೇದಿಸಿ ಸೇದಿಸಿ ಅಂಗೈ ಬೊಬ್ಬೆ ಏಳಿಸಿದಳು. ಜಗಲಿಯಲ್ಲಿ ಅತ್ತೆ ಸೊಸೆ ಇಬ್ಬರೂ ಇದ್ದ ಮನೆ ಒಂದೇ. ಎಲ್ಲರ ಕಣ್ಣೂ ನಿಧಾನವಾಗಿ, ಸಾರಿನ ಪಾತ್ರೆ ಹಿಡಿದು ಬಡಿಸುತ್ತಿದ್ದ ಚನ್ನಬಸಮ್ಮನ ಸೊಸೆ ಸಿದ್ದಮ್ಮನ ಕೈಯಲ್ಲಿದ್ದ ಸೌಟಿನ ಮೇಲೆ ಹೋಯಿತು.

ಚನ್ನಬಸಮ್ಮ ಎದ್ದು ಆ ಸೌಟನ್ನು ಇಸಿದುಕೊಂಡಳು. “ಕೂತ್ಕೋ ನೀನು. ಇವತ್ತಿಂದ ನಾನೇ ಬಡಿಸೋದು” ಎಂದಳು.

ಶಾಂತಪ್ಪ ಕಣ್ಣು ಮುಚ್ಚಿಕೊಂಡು ಮೆಚ್ಚುಗೆಗೆ ಕಾಯುತ್ತಿದ್ದ. ಮಹಾದೇವಮ್ಮ ಅವನ ತೊಡೆ ಚಿವುಟಿದಳು.

ಮರುದಿನದಿಂದ ನಂಜಪ್ಪ ತೂಕ ಶುರುಮಾಡಿದ. ಮೊದಲೂ ತೂಗುತ್ತಿದ್ದ, ಆದರೆ ತೂಗಿದ ಮೇಲೆ ಒಂದು ಹಿಡಿ ಕೊಸರು ಹಾಕುವುದು ಅವನ ಪದ್ಧತಿ. ಉಪ್ಪಿಗೆ ಒಂದು ಹಿಡಿ, ಬೆಲ್ಲಕ್ಕೆ ಒಂದು ಚೂರು, ಹೊಗೆಸೊಪ್ಪಿಗೆ ಒಂದು ಎಳೆ. ಈಗ ಅಂಗಡಿಯ ಮುಂದೆ ತಕ್ಕಡಿಯನ್ನು ಬೆಳಕಿಗೆ ತೂಗುಹಾಕಿ, ತಟ್ಟೆ ಮಗುಚಿ ಅಡಿ ತೋರಿಸಿ, ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, “ನೀವೇ ಹಾಕ್ಕೊಳ್ಳಿ. ಮುಳ್ಳು ನೆಟ್ಟಗೆ ನಿಂತಾಗ ಹೇಳಿ” ಎನ್ನುತ್ತಿದ್ದ. ಬೇಳೆಯ ಒಂದು ಕಾಳು ಹೆಚ್ಚಾದರೆ ಅದನ್ನು ಚಿಮುಟಿ ತೆಗೆದು ಡಬ್ಬಿಗೆ ಹಾಕುತ್ತಿದ್ದ. ಕಾಲು ಸೇರು ಬೆಲ್ಲಕ್ಕೆ ಅರ್ಧ ಗಂಟೆ ಹಿಡಿಯುತ್ತಿತ್ತು. ಊರಿನ ಹೆಂಗಸರು ನೆನೆದುಕೊಂಡು ಸಾಲು ನಿಂತು, ಹೋದ ಕೊಸರಿಗೆ ಶಾಂತಪ್ಪನನ್ನು ನೆನೆಯುತ್ತಿದ್ದರು.

ಶಾಂತಪ್ಪ ಸೀಮೆಎಣ್ಣೆಗೆ ಹೋದಾಗ ನಂಜಪ್ಪ ಅಳತೆಯ ಪಾತ್ರೆಯನ್ನು ಒರೆಸಿ, ಮುಖ ನೋಡದೆ ಕೇಳಿದ: “ಹುಣಸೆಹಣ್ಣು ಹೊಸದಾ ಹಳೇದಾ?”

“ಯಾವ ಹುಣಸೆಹಣ್ಣು ಅಣ್ಣಯ್ಯ?”

“ನನ್ನ ತಟ್ಟೆ ಅಡಿ ಇದ್ದದ್ದು.”

“ಅದು ನಿಮ್ದಲ್ಲ ಅಣ್ಣಯ್ಯ, ಕಥೇದು. ಅಂಗಡಿಯವ ಅಂದ್ರೆ ಯಾರೋ ಒಬ್ಬ ಅಂಗಡಿಯವ.”

“ಈ ಊರಲ್ಲಿ ಎಷ್ಟು ಅಂಗಡಿ ಅದೆ ಶಾಂತಪ್ಪ?”

ಶಾಂತಪ್ಪ ಎಣಿಸಿದ. ಎಣಿಸುವುದಕ್ಕೆ ಅಷ್ಟು ಹೊತ್ತು ಬೇಕಿರಲಿಲ್ಲ.

ಪಟೇಲ ಸೋಮಯ್ಯನವರದು ಇನ್ನೂ ಗಂಭೀರವಾದ ತೊಂದರೆ. ಅವರು ಬಿದಿರಿನ ಹಾಗೆ ಬಡಕಲು, ಮೀಸೆ ಎಂದೂ ಬಿಟ್ಟವರಲ್ಲ. ಕಥೆಯ ಪಟೇಲನಿಗೆ ಗುಡಾಣದ ಹೊಟ್ಟೆ, ಹುರಿ ಮೀಸೆ. ಇಷ್ಟು ವ್ಯತ್ಯಾಸ ಇದ್ದ ಮೇಲೆ ತಾನಲ್ಲವೆಂದು ಅವರು ಎರಡು ದಿನ ನೆಮ್ಮದಿಯಾಗಿದ್ದರು. ಮೂರನೆಯ ದಿನ ನಂಜಪ್ಪ ಹೋಗಿ ವಿವರಿಸಿದ: “ನೀವೇ ಅಂತ ಗೊತ್ತಾಗಬಾರದು ಅಂತ್ಲೇ ಹೊಟ್ಟೆ ಇಟ್ಟವ್ನೆ, ಮೀಸೆ ಅಂಟಿಸವ್ನೆ. ಆದ್ರೆ ನಿದ್ದೆ ಒಂದು ಮರೆಮಾಚಕ್ಕೆ ಆಗಿಲ್ಲ, ನೋಡಿ.” ಸೋಮಯ್ಯನವರು ಊಟವಾದ ಮೇಲೆ ನ್ಯಾಯ ಕೇಳುವಾಗ ಕಣ್ಣು ಮುಚ್ಚುತ್ತಿದ್ದದ್ದು ನಿಜ. ಅಂದಿನಿಂದ ಊರಿನಲ್ಲಿ ಒಂದು ತರ್ಕ ನೆಲೆಯಾಯಿತು. ಕಥೆಯಲ್ಲಿ ಇದ್ದದ್ದು ಇದ್ದ ಹಾಗಿದ್ದರೆ ಅದು ಸಾಕ್ಷಿ. ಬೇರೆ ಹಾಗಿದ್ದರೆ ಅದು ಕಪಟ. ಈ ತರ್ಕದ ಎದುರು ಮಡಿಕೇರಿಯ ಯಾವ ವಕೀಲನೂ ಗೆಲ್ಲುವ ಹಾಗಿರಲಿಲ್ಲ. ಪಟೇಲರು ಕಣ್ಣು ಅಗಲಿಸಿಕೊಂಡು ನ್ಯಾಯ ಕೇಳತೊಡಗಿದರು. ಆ ನೋಟಕ್ಕೆ ಹೆದರಿ ಜನ ಹೇಳಬೇಕಾದ್ದನ್ನು ಮರೆತು ಎದ್ದು ಹೋಗುತ್ತಿದ್ದರು.

ನಾಲ್ಕನೆಯ ದಿನ ಹಿತ್ತಿಲ ಬೇಲಿಯ ಹತ್ತಿರ ಸಿದ್ದಮ್ಮ ಬಂದು ನಿಂತಳು. ಹಣೆಗೆ ವಿಭೂತಿ, ತಲೆಗೆ ಒಂದು ಮೊಳ ಹೂ, ಕಣ್ಣಲ್ಲಿ ನೀರು.

“ಶಾಂತಪ್ಪಣ್ಣ, ಏನ್ ಮಾಡಿಟ್ರಿ ನೀವು?”

“ಏನಾಯ್ತವ್ವ?”

“ನಾಕು ದಿನ ಆಯ್ತು, ನಮ್ಮತ್ತೆ ನನ್ನ ಒಲೆ ಮುಂದಕ್ಕೆ ಬಿಟ್ಟಿಲ್ಲ. ಬೆಳಗಾಗೆದ್ದು ಬೀದಿ ಜಗಲೀಲಿ ಕೂರ್ಸಿ ತಲೆ ಬಾಚ್ತಾರೆ, ಹೋಗೋರು ಬರೋರು ನೋಡ್ಲಿ ಅಂತ. ಹಾಲು ಕುಡಿ ಹಾಲು ಕುಡಿ ಅಂತ ಜೀವ ತಿಂತಾರೆ. ನಂಗೆ ಹಾಲು ಕಂಡ್ರೆ ಆಗಲ್ಲ. ಅವರ ಮೊಣಕಾಲು ಊದಿ ಗುಂಬಳಕಾಯಿ ಆಗ್ಯದೆ, ನೀರು ನಾನು ಸೇದ್ತೀನಿ ಅಂದ್ರೆ, ‘ಸೇದಿ ಅಂಗೈ ತೋರ್ಸಕ್ಕಾ ಊರಿಗೆಲ್ಲ’ ಅಂತಾರೆ. ಆರು ವರ್ಷ ಇಬ್ರೂ ಬೈದಾಡ್ಕೊಂಡು ಎಷ್ಟು ಚೆನ್ನಾಗಿದ್ವಿ.”

“ಅದು ನೀನಲ್ಲವ್ವ. ಕಥೇಲಿ ಸೊಸೆ ಅಂದ್ರೆ ಅಳ್ಬೇಕು, ಅದಕ್ಕೆ—”

“ಈಗ ಅಳ್ತಾ ಇದೀನಲ್ಲ” ಎಂದಳು ಸಿದ್ದಮ್ಮ. “ಆಯ್ತಾ ನಿಮಗೆ?”

ಇಷ್ಟೆಲ್ಲ ಆಗುವಾಗ ಸಸಿಗೆ ಮೂವತ್ತಮೂರು ದಿನವಾಯಿತು. ಮಹಾದೇವಮ್ಮ ದಿನಾ ಬೆಳಿಗ್ಗೆ ಸಸಿಮಡಿಗೆ ಹೋಗಿ ಒಂದು ಸಸಿಯನ್ನು ಕಿತ್ತು ಬುಡ ಹಿಸುಕಿ ನೋಡಿ ಬರುತ್ತಿದ್ದಳು. ಗಂಡನ ಕಥೆಯ ಬಗ್ಗೆ ಅವಳು ಒಂದು ಮಾತೂ ಆಡಿರಲಿಲ್ಲ. ಆ ಸಂಜೆ ಮಾತ್ರ, “ನೀವು ಊರಲ್ಲಿ ಒಬ್ಬರನ್ನೂ ನೋಡದೆ ಬರ್ದಿರಿ. ಈಗ ಒಂದೂವರೆ ಎಕರೆ ನಾವಿಬ್ಬರೇ ನೋಡ್ಕೋಬೇಕಾಗ್ತದೆ” ಎಂದಳು.

ಶಾಂತಪ್ಪ ಒಂದು ಉಪಾಯ ಮಾಡಿದ. ಕೆಟ್ಟವರನ್ನು ಬರೆದದ್ದರಿಂದ ಬಂದ ಕೇಡನ್ನು ಒಳ್ಳೆಯವರನ್ನು ಬರೆದು ತೊಳೆದುಬಿಡಬಹುದಲ್ಲ? ನೋಟುಬುಕ್ಕು ತೆಗೆದು ಎಲ್ಲದಕ್ಕೂ ತಿರುವು ಹಾಕಿ ಇನ್ನೊಂದು ಕಥೆ ಬರೆದ. ಇದರಲ್ಲಿ ಅಂಗಡಿಯವನು ಕರ್ಣನಂಥ ದಾನಿ. ಬಡವರನ್ನು ಕಂಡರೆ ಬೆಲ್ಲದ ಅಚ್ಚನ್ನೇ ಎತ್ತಿ ಕೊಡುವನು, ದುಡ್ಡು ಕೊಟ್ಟರೆ ಕಿವಿ ಮುಚ್ಚಿಕೊಳ್ಳುವನು. ಅತ್ತೆ ಸೊಸೆಯ ಪಾದ ತೊಳೆದು ಆ ನೀರನ್ನು ತಲೆಗೆ ಹಾಕಿಕೊಳ್ಳುವಳು. ಪಟೇಲನು ಪ್ರಜೆಗಳ ಚಿಂತೆಯಲ್ಲಿ ಹನ್ನೆರಡು ವರ್ಷದಿಂದ ನಿದ್ದೆಯನ್ನೇ ಮಾಡಿಲ್ಲ. ಭಾನುವಾರ ಜನ ಸೇರುವ ಹೊತ್ತಿಗೆ ಹೋಗಿ ಅಂಗಡಿಯ ಮುಂದೆ ನಿಂತು ತಾನೇ ಓದಿದ.

ಓದಿ ಮುಗಿದಾಗ ನಂಜಪ್ಪ ತಕ್ಕಡಿಯ ಮುಳ್ಳನ್ನು ಬೆರಳಿನಿಂದ ಹಿಡಿದು ನಿಲ್ಲಿಸಿದ.

“ಮೊದಲನೇದ್ರಲ್ಲಿ ಕಳ್ಳ ಅಂದ” ಎಂದ ನಂಜಪ್ಪ ಮೆಲ್ಲಗೆ. “ಈಗ ಬುದ್ಧಿ ಕೆಟ್ಟೋನು ಅಂತಾನೆ. ಅಚ್ಚಿನ ಬೆಲ್ಲ ಎತ್ತಿ ಕೊಡೋ ಅಂಗಡಿಯವ ಎಷ್ಟು ದಿನ ಅಂಗಡಿ ಇಟ್ಟಾನು?”

“ನನ್ನ ಮೊಣಕಾಲು ಬಗ್ಗಲ್ಲ ಅಂತ ಇಡೀ ಊರಿಗೆ ಗೊತ್ತು” ಎಂದಳು ಚನ್ನಬಸಮ್ಮ. “ನಾನು ಅವಳ ಕಾಲು ತೊಳೆಯೋ ಹಂಗೆ ಬರೆಯೋದು ಅಂದ್ರೆ ಅದಕ್ಕೆ ಏನರ್ಥ? ಶಾಂತಪ್ಪ, ನಿನ್ನ ಅವ್ವನ ಬಾಣಂತನ ಮಾಡಿದ್ದು ನಮ್ಮತ್ತೆ ಕಣೋ. ನಿನಗೆ ಮೊದಲ ನೀರು ಹಾಕಿದ್ದು ಈ ಮೊಣಕಾಲ ಮೇಲೆ.”

“ದೊಡ್ಡವ್ವ, ಹೊಗಳಿ ಬರೆದದ್ದು.”

“ಹೊಗಳಿ, ಬೈದದ್ದನ್ನೇ ಎರಡನೇ ಸಲ ಬೈದ ಹಾಗಾಯ್ತು.”

ಮಂಗಳವಾರ ಸಂಜೆ ಪಟೇಲರ ಜಗಲಿಯಲ್ಲಿ ಹನ್ನೊಂದು ಮನೆಯವರೂ ಸೇರಿದರು. ಪಟೇಲರು ಕಣ್ಣು ಅಗಲ ತೆರೆದು ಕೂತಿದ್ದರು. ನಾಲ್ಕು ದಿನದ ನಿದ್ದೆಗೇಡಿನಿಂದ ಅವು ಕೆಂಪಾಗಿದ್ದವು.

“ಯಾರನ್ನ ನೋಡಿ ಬರ್ದೆ ಹೇಳಪ್ಪ” ಎಂದರು.

“ಯಾರನ್ನೂ ನೋಡ್ದೆ ಬರ್ದೆ. ಗುರುವಿನಾಣೆ. ಊರಿನ ಒಬ್ಬರನ್ನೂ ನಾನು ನೋಡಿಲ್ಲ.”

“ಮೂವತ್ತೆಂಟು ವರ್ಷ ಎದುರುಮನೇಲಿದ್ದು” ಎಂದ ನಂಜಪ್ಪ, “ನನ್ನ ನೋಡೇ ಇಲ್ವ?”

ಜಗಲಿಯಲ್ಲಿ ಗುಸುಗುಸು ಎದ್ದಿತು. ಶಾಂತಪ್ಪ ಇದು ತನ್ನ ಪರವಾದ ಮಾತೋ ವಿರುದ್ಧವಾದ ಮಾತೋ ತಿಳಿಯದೆ ತಲೆಯಾಡಿಸಿದ. ನೋಡಿ ಬರೆದಿದ್ದರೆ ಬೈಗುಳ, ನೋಡದೆ ಬರೆದಿದ್ದರೆ ಅದಕ್ಕಿಂತ ದೊಡ್ಡ ಅವಮಾನ ಎಂದು ಆ ಸಭೆ ಅಲ್ಲಿಯೇ ತೀರ್ಮಾನಿಸಿತು.

ಪಟೇಲರು ಬಹಳ ಹೊತ್ತು ಯೋಚಿಸಿದರು. ಕಣ್ಣು ತೆರೆದೇ ಯೋಚಿಸಿದರು. ಆಮೇಲೆ ಹೇಳಿದರು: “ಶಾಂತಪ್ಪ ಎಲ್ಲರ ಗದ್ದೇಲೂ ಬಗ್ಗಿದ್ದಾನೆ. ಆ ಋಣ ಇಟ್ಕೊಳ್ಳೋದು ಬೇಡ. ಶುಕ್ರವಾರ ಅವನ ಗದ್ದೆಗೆ ಹೋಗಿ ಅವರವರ ದಿನ ತೀರಿಸಿ ಬನ್ನಿ. ಪೂರ್ತಿ ತೀರಿಸಿ. ಎಲ್ಲಾ ಮನೇದೂ ಚುಕ್ತಾ ಆದ ಮೇಲೆ ಅವನ ಪಾಡು ಅವನಿಗೆ.”

ಹೊರಗಿನವರಿಗೆ ಇದು ಶಿಕ್ಷೆಯ ಹಾಗೆ ಕೇಳಿಸದು. ಮೂರುಕಲ್ಲಿನಲ್ಲಿ ಮುಯ್ಯಿಯನ್ನು ಯಾರೂ ಪೂರ್ತಿ ತೀರಿಸುತ್ತಿರಲಿಲ್ಲ. ಎತ್ತಿನ ಕಾಲು ನೋವು, ಮನೆಯಲ್ಲಿ ಬಾಣಂತಿ, ಏನಾದರೊಂದು ನೆವದಲ್ಲಿ ಅರ್ಧ ದಿನ, ಒಂದು ದಿನ ಉಳಿಯುತ್ತಿತ್ತು. ನಾಟಿಯದು ಕೊಯ್ಲಿಗೆ, ಕೊಯ್ಲಿನದು ಬರುವ ವರ್ಷದ ನಾಟಿಗೆ. ಒಂದು ಮನೆಯದಾದರೂ ಬಾಕಿ ಇರುವವರೆಗೆ ಯಾರನ್ನೂ ಮುಯ್ಯಿಯಿಂದ ಹೊರಗಿಡುವ ಹಾಗಿರಲಿಲ್ಲ. ಎಲ್ಲರೂ ತೀರಿಸಿದರೆ ಅವನು ಹೊರಗೆ. ಹಿಂದೆ ಒಬ್ಬನಿಗೆ ಹಾಗೆ ತೀರಿಸಿದ್ದರು. ಎರಡು ವರ್ಷ ಗದ್ದೆ ಬೀಳು ಬಿಟ್ಟು, ಮೂರನೆಯ ವರ್ಷ ಮಾರಿ, ಅವನು ಸುಂಟಿಕೊಪ್ಪದ ಎಸ್ಟೇಟೊಂದರ ಲೈನಿಗೆ ಹೋಗಿ ಸೇರಿಕೊಂಡ. ಮಹಾದೇವಮ್ಮ ಬಾಗಿಲ ಸಂದಿಯಲ್ಲಿ ನಿಂತು ಕೇಳಿದವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಎಲ್ಲರೂ ಎದ್ದು ಹೋದ ಮೇಲೆ ಮೆಟ್ಟಿಲ ಕೆಳಗೆ ಜವರ ಒಬ್ಬ ನಿಂತಿದ್ದ. ಪಿರಿಯಾಪಟ್ಟಣದ ಕಡೆಯಿಂದ ಬಂದು ನೆಲೆನಿಂತವನು, ಊರ ಅಂಚಿನಲ್ಲಿ ಅರ್ಧ ಎಕರೆ ಜೌಗು ಗದ್ದೆ ಇಟ್ಟುಕೊಂಡು, ಉಳಿದ ದಿನ ಶಾಂತಪ್ಪನ ಕಾಫಿ ಗಿಡಗಳ ನಡುವೆ ಕಳೆ ತೆಗೆಯುವವನು. ಮುಯ್ಯಿಯಲ್ಲಿ ಅವನ ದಿನಕ್ಕೂ ಪಟೇಲರ ದಿನಕ್ಕೂ ಒಂದೇ ತೂಕ. ಇಷ್ಟು ದಿನದ ಗದ್ದಲದಲ್ಲಿ ಅವನು ಬಾಯಿಬಿಟ್ಟಿರಲಿಲ್ಲ.

“ಅಯ್ಯಾ, ಅದ್ರಲ್ಲಿ ಆಳೊಬ್ಬ ಅವ್ನಂತಲ್ಲ. ಅವನದಷ್ಟು ಓದಿ ಹೇಳಿ” ಎಂದ.

ಶಾಂತಪ್ಪ ಎಣಿಸಿಕೊಂಡ: ಇನ್ನೊಬ್ಬ. ಆದರೂ ಅಂಗಿಯೊಳಗಿದ್ದ ಪತ್ರಿಕೆ ತೆಗೆದು ಪಟೇಲರ ಜಗಲಿಯ ಲಾಟೀನಿನ ಬೆಳಕಿನಲ್ಲಿ ಹುಡುಕಿ ಹುಡುಕಿ ಓದಿದ. ಆಳು ಬರುವುದು ನಾಲ್ಕು ಕಡೆ. ಪಟೇಲನಿಗೆ ಹುಕ್ಕದ ಬದಲು ಒನಕೆ ತಂದುಕೊಡುತ್ತಾನೆ. ಎಮ್ಮೆಯನ್ನು ಕೋಣ ಎಂದು ತಿಳಿದು ನೇಗಿಲಿಗೆ ಕಟ್ಟುತ್ತಾನೆ. ಎರಡು ಸಲ ಒದೆಸಿಕೊಂಡು ಹಿ ಹಿ ಎಂದು ನಗುತ್ತಾನೆ.

ಜವರ ಗಮನವಿಟ್ಟು ಕೇಳಿದ. “ಇಷ್ಟೇಯಾ?”

“ಇಷ್ಟೇ.”

“ಅವನ ಹೆಸ್ರೇನು?”

“ಹೆಸ್ರು ಇಟ್ಟಿಲ್ಲ. ಆಳು ಅಂತ ಅಷ್ಟೇ.”

“ಒದ್ದಾಗ ನಗ್ತಾನಲ್ಲ, ಯಾಕೆ?”

“ಓದೋರಿಗೆ ನಗು ಬರ್ಲಿ ಅಂತ ಜವರ.”

“ಓದೋರು ನಗ್ಲಿ. ಅವನ್ಯಾಕೆ ನಗ್ತಾನೆ? ಒದೆ ಬಿದ್ದಿರದು ಅವನಿಗಲ್ವ?”

ಶಾಂತಪ್ಪ ಕಥೆಯ ಮೇಲೆ ಮೊದಲಿನಿಂದ ಒಂದು ಸಲ ಕಣ್ಣಾಡಿಸಿದ. ಉತ್ತರ ಅಲ್ಲಿ ಬರೆದಿರಲಿಲ್ಲ.

“ಮಿಕ್ಕೋರೆಲ್ಲ ನಾನವ್ನಿ ನಾನವ್ನಿ ಅಂತ ಜಗಳಕ್ಕೆ ಬಂದ್ರು” ಎಂದ ಜವರ, ಕಂಬಳಿ ತಲೆಗೆಳೆದುಕೊಳ್ಳುತ್ತ. “ನಾನೂ ಇರ್ಬೋದೇನೋ ಅಂತ ಕೇಳಾಣ ಅಂತಿದ್ದೆ. ನಾನಿಲ್ಲ.” ಇಷ್ಟು ಹೇಳಿ ಬದುವಿನ ಮೇಲೆ ಇಳಿದು ಹೋದ.

ಶುಕ್ರವಾರ ಸಸಿಗೆ ಮೂವತ್ತೊಂಬತ್ತು ದಿನ. ಮಹಾದೇವಮ್ಮ ಹಿಂದಿನ ದಿನವೇ ಅಕ್ಕಿ ನೆನೆಹಾಕಿ, ಕಡುಬು, ಹುರುಳಿ ಸಾರು, ಅಪರೂಪಕ್ಕೆ ಪಾಯಸವನ್ನೂ ಮಾಡಿದ್ದಳು. ಬೆಳಗಾಗುವಾಗಲೇ ಜನ ಬಂದರು. ಮೊದಲು ಚನ್ನಬಸಮ್ಮ, ಮೊಣಕಾಲಿಗೆ ಎಣ್ಣೆ ಬಟ್ಟೆ ಕಟ್ಟಿಕೊಂಡು. ಹಿಂದೆ ಸಿದ್ದಮ್ಮ. ನಂಜಪ್ಪ ಮಗನನ್ನು ಕಳಿಸಲಿಲ್ಲ, ತಾನೇ ಬಂದ. ಬೇರೆಯವರ ಕೈಯಲ್ಲಿ ತೀರಿಸಿದ್ದು ಚುಕ್ತಾ ಆಗುವುದಿಲ್ಲ ಎಂಬ ಭಯವಿತ್ತೋ ಏನೋ. ಪಟೇಲರು ಬದುವಿನ ಮೇಲೆ ನಿಂತು ಬಂದವರ ಕಡೆ ಕಣ್ಣಾಡಿಸಿ ತಾವೂ ಸಸಿಮಡಿಗೆ ಇಳಿದರು.

ಪ್ರತಿಯೊಬ್ಬರ ಸೊಂಟದಲ್ಲೂ ಒಂದೊಂದು ಬುತ್ತಿ ಗಂಟು.

ಅದನ್ನು ಕಂಡು ಮಹಾದೇವಮ್ಮನ ಮುಖ ಕಂದಿತು. “ದೊಡ್ಡವ್ವ, ಮನೇಲಿ ಕಡುಬು ಮಾಡಿದೀನಿ” ಎಂದಳು.

“ಇರ್ಲವ್ವ. ಕೆಲಸಕ್ಕೆ ಬಂದಿರೋದು” ಎಂದಳು ಚನ್ನಬಸಮ್ಮ. ಮಹಾದೇವಮ್ಮನ ಕೆನ್ನೆಯ ಮೇಲೆ ಹಾರಿದ್ದ ಕೆಸರನ್ನು ಮಾತ್ರ ತನ್ನ ಸೆರಗಿನಿಂದ ಒರೆಸಿದಳು. ಒರೆಸಿ, ಒರೆಸಿದ್ದು ತಪ್ಪಾಯಿತೆಂಬ ಹಾಗೆ ಕೈ ಹಿಂದೆಗೆದಳು.

ಅಂಥ ನಾಟಿಯನ್ನು ಆ ಗದ್ದೆ ಹಿಂದೆ ಕಂಡಿರಲಿಲ್ಲ. ಹಾಡಿಲ್ಲ, ಕೀಟಲೆ ಇಲ್ಲ. ಶಾಂತಪ್ಪ ಎಸೆದ ಕಟ್ಟಿನಿಂದ ಕೆಸರು ಹಾರಿ ಮುಖಕ್ಕೆ ಬಡಿದರೂ ಯಾರೂ ಅವನ ವಂಶವನ್ನು ಎತ್ತಲಿಲ್ಲ. ಬೈಯಲಿ ಎಂದು ಅವನು ಬೇಕೆಂದೇ ಒಂದು ಕಟ್ಟನ್ನು ನಂಜಪ್ಪನ ಕಾಲ ಬುಡಕ್ಕೆ ಎಸೆದ. ನಂಜಪ್ಪ ಮುಖ ಒರೆಸಿಕೊಂಡು ಕಟ್ಟನ್ನು ಹೆಂಗಸರ ಸಾಲಿಗೆ ಎಸೆದ. ಸಾಲು ಸಾಲು ನೆಟ್ಟಗೆ ಎದ್ದಿತು. ನೂಲು ಹಿಡಿದು ನೆಟ್ಟರೂ ಅಷ್ಟು ನೆಟ್ಟಗಾಗದು. ಸಾಲ ತೀರಿಸುವವರ ಕೈಯ ನೇರ ಅದು.

ಸಂಜೆ ಐದಕ್ಕೆ ಒಬ್ಬೊಬ್ಬರೇ ಬದುವಿಗೆ ಹತ್ತಿ ಶಾಂತಪ್ಪನ ಮುಂದೆ ನಿಂತು, “ನಮ್ಮ ಮನೇದು ಆಯ್ತು” ಎಂದು ಹೇಳಿ ಹೋದರು. ಪಟೇಲರು ಬೆರಳು ಮಡಿಸುತ್ತ ಬಂದರು. ಒಂಬತ್ತಕ್ಕೆ ಬೆರಳು ನಿಂತಿತು. ಹೊಳೆಯ ಕಡೆ ಒಂದು ಪಟ್ಟಿ, ಒಂದು ಮನೆಯ ಒಂದು ದಿನದ ಕೆಲಸದಷ್ಟು, ಕೆಸರಾಗಿಯೇ ಉಳಿದಿತ್ತು.

“ಜವರ ಎಲ್ಲಿ?” ಎಂದರು ಪಟೇಲರು.

ಜವರ ಬಂದಿರಲಿಲ್ಲ. ಬಂದಿಲ್ಲವೆಂಬುದನ್ನು ಇಡೀ ದಿನ ಯಾರೂ ಗಮನಿಸಿರಲಿಲ್ಲ.

ಮೈ ತೊಳೆಯದೆ ಶಾಂತಪ್ಪ ಅವನ ಗುಡಿಸಲಿಗೆ ನಡೆದ. ಜವರ ಸೂರಿನಡಿ ಕೂತು ಗೊರಬಿಗೆ ಬಿದಿರು ಸೀಳುತ್ತಿದ್ದ.

“ಎಲ್ಲಾ ಬಂದ್ರು ಜವರ. ನೀನೊಬ್ಬ ಬರ್ಲಿಲ್ಲ.”

“ಬರ್ನಿಲ್ಲ.”

“ಮೈಗೆ ಹುಷಾರಿಲ್ವ?”

“ಚೆನ್ನಾಗಿವ್ನಿ.”

“ನನ್ನ ಮೇಲೆ ಕೋಪಾನಾ?”

“ಅದದೆ. ಅದು ಬೇರೆ.” ಜವರ ಒಂದು ಸೀಳನ್ನು ಬೆಳಕಿಗೆ ಹಿಡಿದು ದಪ್ಪ ನೋಡಿದ. “ಪಟೇಲ್ರು ಏನಂದ್ರು ಅವತ್ತು? ಎಲ್ಲಾ ಮನೇದೂ ಚುಕ್ತಾ ಆದ್ಮೇಲೆ ನೀವು ಹೊರಗೆ ಅಂದ್ರು. ಎಷ್ಟು ಮನೇದು ಆಯ್ತು?”

“ಒಂಬತ್ತು.”

“ಎಷ್ಟಿರದು?”

“ಹತ್ತು” ಎಂದ ಶಾಂತಪ್ಪ. ಮೂರುಕಲ್ಲಿನ ಓದುಬರಹ ಬಂದ ಒಂಬತ್ತು ಮನೆಯವರು ಎರಡು ದಿನ ಯೋಚಿಸಿ ಕಟ್ಟಿದ ಬೇಲಿಯಲ್ಲಿ ಹೆಬ್ಬೆಟ್ಟಿನವನೊಬ್ಬ ಒಂದು ಗೂಟ ಕಿತ್ತಿಟ್ಟುಕೊಂಡು ಕೂತಿದ್ದ. ಇಂಥ ಹೊತ್ತಿನಲ್ಲಿ ದೊಡ್ಡ ಮನಸ್ಸಿನವರು ಏನು ಮಾಡುತ್ತಾರೆಂದು ಶಾಂತಪ್ಪ ನಾಟಕಗಳಲ್ಲಿ ಕಂಡಿದ್ದ. ಎರಡು ಕೈ ಚಾಚಿ ಹೇಳಿದ:

“ಜವರ, ನಿನ್ನ ದಿನ ನನಗೆ ಬೇಡ. ಬಿಟ್ಟೆ. ಮಾಫಿ—”

“ಬಾಯ್ ಮುಚ್ಕಳಿ ಅಯ್ಯಾ” ಎಂದ ಜವರ. ಕತ್ತಿ ಕೆಳಗಿಟ್ಟು ಬದುವಿನ ಕಡೆ ಕತ್ತು ಚಾಚಿ, ಯಾರೂ ಕೇಳಿಸಿಕೊಂಡಿಲ್ಲವೆಂದು ಖಾತ್ರಿ ಮಾಡಿಕೊಂಡ. “ಬಿಟ್ರೆ ಚುಕ್ತಾ ಆದಂಗೆ ಅಲ್ವ? ಬಿಡಂಗಿಲ್ಲ. ಕೇಳ್ತಾ ಇರಬೇಕು. ನಾಕು ಜನರ ಮುಂದೆ ಕೇಳಿ. ಜೋರಾಗಿ ಕೇಳಿ.”

“ಹಂಗಾದ್ರೆ ಹೊಳೆ ಕಡೆ ಪಟ್ಟಿ?”

“ಅದನ್ನ ನೀವೂ ಅಮ್ಮಾರೂ ನೆಟ್ಕಳಿ. ಬಗ್ಗಿದ್ರೆ ಎರಡು ದಿನದ್ದು.”

ಕೊಯ್ಲಿನ ಕಾಲಕ್ಕೆ ಪಟೇಲರು ತಾವೇ ಜವರನಲ್ಲಿಗೆ ಹೋಗಿ ಗದರಿಸಿದರು. “ತೀರಿಸ್ತೀನಿ ಬುದ್ಧಿ, ಎಲ್ಲೋಡೋಗ್ತೀನಿ” ಎಂದ ಅವನು. ಬಾಕಿ ಬರಬೇಕಾದವನ ಮನೆಯನ್ನು ಹೊರಗಿಡುವ ಹಾಗಿರಲಿಲ್ಲ. ಶಾಂತಪ್ಪನೂ ಮಹಾದೇವಮ್ಮನೂ ಕುಡುಗೋಲು ಹಿಡಿದು ಚನ್ನಬಸಮ್ಮನ ಗದ್ದೆಗೆ ಇಳಿದರು. ಒಳ್ಳೆಯ ಕೊಯ್ಯುವ ಕೈಗಳು. ಚನ್ನಬಸಮ್ಮ ಬೇಡ ಎನ್ನಲಿಲ್ಲ. ಅವಳ ಮೊಣಕಾಲು ಆಗ ಪೂರ್ತಿ ಕೈಕೊಟ್ಟಿತ್ತು, ಸಿದ್ದಮ್ಮ ನೀರು ಸೇದುತ್ತ ಅತ್ತೆಯನ್ನು ಬೈಯುವುದು ಬೀದಿಗೆಲ್ಲ ಕೇಳಿಸುತ್ತಿತ್ತು. ಆ ಬಾರಿ ಶಾಂತಪ್ಪನವರ ದುಡಿಮೆ ಚನ್ನಬಸಮ್ಮನ ಮನೆಗೆ ಎರಡು ದಿನ ಹೆಚ್ಚು ಬಿದ್ದು, ಅದು ಅವಳ ಬಾಕಿಯಾಯಿತು.

ಮುಂದಿನ ವರ್ಷದ ಪುಷ್ಯದಲ್ಲಿ ಪಟೇಲರ ಗದ್ದೆಯ ನಾಟಿ. ಊಟಕ್ಕೆ ಕೂತಾಗ ಶಾಂತಪ್ಪ ಗಂಟಲು ಸರಿಮಾಡಿಕೊಂಡು ಎಲ್ಲರೆದುರಿಗೆ ಕೇಳಿದ: “ಜವರ, ನನ್ನ ದಿನ ಯಾವಾಗ?”

“ಈ ವರ್ಷ ಆಗಲ್ಲ ಅಯ್ಯಾ.”

ಅದರಾಚೆಯ ವರ್ಷವೂ ಕೇಳಿದ. ಆಗಲಿಲ್ಲ. ಆ ನವೆಂಬರಿನಲ್ಲಿ ಕೊಡಗು ಮೈಸೂರಿಗೆ ಸೇರಿತು. ಮಡಿಕೇರಿಯಲ್ಲಿ ಮಂತ್ರಿಗಳು ಎದ್ದು ಹೋದರು, ರಾಜ್ಯದ ಲೆಕ್ಕವೆಲ್ಲ ಮುಗಿದು ಬೀಗ ಬಿತ್ತು ಎಂದು ನಂಜಪ್ಪ ಪತ್ರಿಕೆ ಓದಿ ಹೇಳಿದ. ಮರುವರ್ಷದ ನಾಟಿಯಲ್ಲಿ, ಮೈಸೂರು ರಾಜ್ಯದ ಮೊದಲ ನಾಟಿಯಲ್ಲಿ, ಶಾಂತಪ್ಪ ರೊಟ್ಟಿ ಮುರಿಯುತ್ತ ಮತ್ತೆ ಕೇಳಿದ. ಎಲ್ಲರೂ ಜವರನ ಕಡೆ ತಿರುಗಿದರು. ಜವರ ಸಾರು ಕಲಸಿದ ಕೈಯನ್ನು ಎಲೆಯ ಮೇಲೆ ನಿಲ್ಲಿಸಿ, ಹೊಸ ಸರ್ಕಾರದಲ್ಲಿ ಈ ವಿಷಯ ಹೇಗೋ ಎಂದು ತೂಗಿ ನೋಡುವವನ ಹಾಗೆ ಸ್ವಲ್ಪ ಹೊತ್ತು ಯೋಚಿಸಿದ.

“ಈ ವರ್ಷ ಆಗಲ್ಲ ಅಯ್ಯಾ” ಎಂದ. “ಬರೋ ವರ್ಷ ನೋಡಾಣ.”